ಕರನಿರಾಕರಣೆಯ ಗುಪ್ತ ಪತ್ರಗಳು

1932ರ ಜನವರಿಯಲ್ಲಿ ಬ್ರಿಟಿಷ್ ಸರಕಾರವು ಕಾಂಗ್ರೆಸ್ಸನ್ನು ಕಾನೂನುಬಾಹಿರವೆಂದು ಸಾರಿ, ಅದರ ಮುಖಂಡರನ್ನು ಸೆರೆಮನೆಗೆ ತಳ್ಳಿತು. ಅಂಚೆಯ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನೂ ಸುಗ್ರೀವಾಜ್ಞೆಯಿಂದ ಪಡೆಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಸಿದ್ದಾಪುರ, ಶಿರಸಿ, ಅಂಕೋಲೆಗಳ ರೈತರು ಭೂಕಂದಾಯ ಕೊಡದೆ ನಿಂತಿದ್ದರು. ಹೊಲ, ತೋಟ, ದನಕರು, ಪಾತ್ರೆಪಗಡಗಳೆಲ್ಲ ಜಪ್ತಿಯಾಗುತ್ತಿದ್ದವು. ಇಂಥ ಸಮಯದಲ್ಲಿ ಹೊರಗುಳಿದ ನಾಯಕರು ತಮ್ಮತಮ್ಮೊಳಗೆ ಸುದ್ದಿ ತಿಳಿಸುವುದೆಂತು?

ಅದಕ್ಕೆ ನೆರವಾದುದು ಸೈಕ್ಲೋಸ್ಟೈಲ್ ಯಂತ್ರ. ಮೇಣದ ಹಾಳೆಯ ಮೇಲೆ ಬರೆದು ಮಸಿಯ ಉರುಳೆಯನ್ನು ಎಳೆದರೆ ಪ್ರತಿಗಳು ಸಿದ್ಧವಾಗುತ್ತಿದ್ದವು, ಅಚ್ಚುಕೂಟ ಬೇಕಿರಲಿಲ್ಲ. ಬಂಧನದ ವಾರ್ತೆ, ಜಪ್ತಿಯ ವಿವರ, ಮುಂದಿನ ಸೂಚನೆ ಇವೆಲ್ಲ ಆ ಹಾಳೆಗಳಲ್ಲಿ ಕೈಯಿಂದ ಕೈಗೆ ಸಾಗಿದವು. ಸಿಕ್ಕಿಬಿದ್ದವನಿಗೆ ಸೆರೆವಾಸ ಕಾದಿತ್ತು.

ಆದರೆ ಗಾಂಧೀಜಿಗೆ ಈ ಗುಟ್ಟು ಒಪ್ಪಿಗೆಯಾಗಲಿಲ್ಲ. ಜನಸಾಮಾನ್ಯರು ಅಂಜಿ ಕುಗ್ಗಿದುದಕ್ಕೆ ಗುಪ್ತ ವಿಧಾನಗಳೇ ಬಹುಮಟ್ಟಿಗೆ ಕಾರಣವೆಂದು 1933ರ ಮೇ ತಿಂಗಳಲ್ಲಿ ಅವರು ಅಭಿಪ್ರಾಯಪಟ್ಟರು. ಜುಲೈಯಲ್ಲಿ ಪುಣೆಯ ಸಮಾಲೋಚನೆಯ ತರುವಾಯ ಹಂಗಾಮಿ ಅಧ್ಯಕ್ಷ ಎಂ. ಎಸ್. ಅಣೆಯವರು ಅಂಥ ವಿಧಾನಗಳನ್ನು ಕೈಬಿಡಲು ಸೂಚಿಸಿದರು. ಸತ್ಯಾಗ್ರಹದ ತತ್ತ್ವಕ್ಕೆ ಇದು ಸರಿಯೇ ಹೌದು. ಆದರೂ ಭೂಮಿಯನ್ನು ಕಳೆದುಕೊಂಡು ಕುಳಿತ ಮಲೆನಾಡಿನ ರೈತನಿಗೆ, ತಾನು ಒಂಟಿಯಲ್ಲವೆಂದು ಹೇಳಲು ಆ ಮಸಿ ಮೆತ್ತಿದ ಹಾಳೆಯ ಹೊರತು ಬೇರೇನಿತ್ತು?

1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಗಳಿಗೆ ಬಂದರು. ಆದರೆ ಕಳೆದ ಭೂಮಿ ರೈತರಿಗೆ ಮರಳಿದುದು 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾದ ಮೇಲೆ.