ಮೊದಲು ಬಂಧುಬಳಗದಲ್ಲಿ



ಹನ್ನೆರಡು ವರ್ಷದ ಬಾಲಯೇಸು ಕಾಣದಾದಾಗ ಮರಿಯಮ್ಮನವರೂ ಜೋಸೆಫರೂ ಮೊದಲು ಹುಡುಕಿದ್ದು ಬಂಧುಬಳಗದವರಲ್ಲಿ. ಪವಿತ್ರ ಕುಟುಂಬದ ಈ ಹಬ್ಬದಂದು, ಬಂಧುಬಳಗದಿಂದಲೇ ಮಕ್ಕಳನ್ನು ಕಳೆದುಕೊಂಡ ಕೆನಡಾದ ಮೂಲನಿವಾಸಿಗಳನ್ನು ನೆನೆಯೋಣ.

ಅಲ್ಲಿನ ಸರ್ಕಾರ 20ನೇ ಶತಮಾನದ ಕೊನೆಯವರೆಗೂ ಸುಮಾರು 1,50,000 ಮಕ್ಕಳನ್ನು ಮನೆಯಿಂದ ದೂರದ ವಸತಿಶಾಲೆಗಳಿಗೆ ಸೇರಿಸಿತು. ತಾಯ್ನುಡಿ ಆಡಿದರೆ ಶಿಕ್ಷೆ. ಆ ಶಾಲೆಗಳಲ್ಲಿ ಹೆಚ್ಚಿನವನ್ನು ನಡೆಸಿದವರು ನಮ್ಮ ಕಥೋಲಿಕ ಸಂಸ್ಥೆಗಳವರೇ. 2022ರ ಜುಲೈನಲ್ಲಿ ಜಗದ್ಗುರು ಫ್ರಾನ್ಸಿಸರು ಅಲ್ಲಿಗೇ ಹೋಗಿ ಕ್ಷಮೆ ಬೇಡಿದರು.

ಶಾಲೆಗಳು ಮುಚ್ಚಿದರೂ ಅಗಲಿಕೆ ನಿಲ್ಲಲಿಲ್ಲ. 2021ರ ಜನಗಣತಿಯಂತೆ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7, ಸಾಕುಮನೆಗಳಲ್ಲಿರುವ ಅದೇ ವಯಸ್ಸಿನ ಮಕ್ಕಳಲ್ಲಿ ಶೇ. 53.8.

2020ರ ಜನವರಿ 1ರಂದು ಜಾರಿಗೆ ಬಂದ ಕಾಯಿದೆ ಬೇರೆ ದಾರಿ ತೋರುತ್ತದೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಒಯ್ಯುವಂತಿಲ್ಲ. ಮಗುವಿಗೆ ಆಸರೆ ಹುಡುಕುವಾಗ ಮೊದಲು ಹೆತ್ತವರು, ಆಮೇಲೆ ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮನಂಥ ಬಂಧುಗಳು, ಬಳಿಕ ಅದೇ ಸಮುದಾಯದವರು. ನುಡಿ, ಆಚಾರ, ಹಿರಿಯರ ನಂಟು ಉಳಿದರೆ ಮಗುವಿಗೆ ಬೇರು ಉಳಿಯುತ್ತದೆ.

ನಮ್ಮ ಧರ್ಮಕೇಂದ್ರದಲ್ಲೂ ಬಡವರ ಮಗುವನ್ನು ಎಲ್ಲಿಗಾದರೂ ಸೇರಿಸೋಣ ಎನ್ನುವ ಮುನ್ನ, ಆ ಮನೆಯನ್ನೇ ಎತ್ತಿ ನಿಲ್ಲಿಸಲಾದೀತೇ ಎಂದು ಕೇಳಿಕೊಳ್ಳೋಣ. ಪವಿತ್ರ ಕುಟುಂಬವು ನಮ್ಮೆಲ್ಲರ ಮನೆಗಳನ್ನು ಕಾಯಲಿ.