ಬ್ರೌಸರಿನ ಬೀಗದ ಕೈ ಯಾರ ಹತ್ತಿರ ಇದೆ?

ಬೇಸಿಗೆ ರಜೆಗೆಂದು ಮೊಮ್ಮಗಳು ಹರಪನಹಳ್ಳಿಯಿಂದ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದಳು. ಈಗ ಒಂಬತ್ತನೇ ತರಗತಿ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ಬಗ್ಗೆ ನಾಲ್ಕು ಪುಟ ಬರೆದು ತರಲು ಶಾಲೆಯಲ್ಲಿ ಹೇಳಿದ್ದರಂತೆ. ನನ್ನ ಹಳೆಯ ಕಂಪ್ಯೂಟರ್ ಮುಂದೆ ಕೂತವಳು ಐದೇ ನಿಮಿಷಕ್ಕೆ ಕೂಗಿದಳು.

“ತಾತ, ಇದಕ್ಕೇನಾಗೈತಿ? ಮಲ್ಲಿಗೆ ಅಂತ ಹುಡುಕಿದ್ರ ಬರೀ ಲಾಟರಿ ಜಾಹೀರಾತು ಬರ್ತಾವ!”

ಹೋಗಿ ನೋಡಿದೆ. ಹುಡುಕುವ ಪುಟವೇ ಬದಲಾಗಿತ್ತು. ಎಂದೂ ಕೇಳದ ಹೆಸರು. ಅವಳು ಬ್ರೌಸರಿನ ಬಲ ಮೂಲೆಯಲ್ಲಿದ್ದ ಪಜಲ್ ತುಂಡಿನಂಥ ಚಿತ್ರವನ್ನು ಒತ್ತಿದಳು. ಉದ್ದದ ಪಟ್ಟಿ ತೆರೆಯಿತು. “ಹನ್ನೊಂದು ಎಕ್ಸ್‌ಟೆನ್ಷನ್ ಅದಾವ. ಇವನ್ನೆಲ್ಲ ಯಾರು ಹಾಕಿದ್ರು ತಾತ?”

ನಾಲ್ಕು ನನಗೆ ಗೊತ್ತಿದ್ದವು. ಉಳಿದ ಏಳನ್ನು ಯಾರು ಹಾಕಿದರೋ, ಯಾವಾಗ ಹಾಕಿದರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅದೇ ಬ್ರೌಸರಿನಲ್ಲಿ ನಾನು ತಿಂಗಳು ತಿಂಗಳು ಪಿಂಚಣಿ ಖಾತೆ ನೋಡುತ್ತೇನೆ. ಎದೆ ಝಲ್ಲೆಂದಿತು. ಅಂದು ನಾವಿಬ್ಬರೂ ಕೂತು ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಎಕ್ಸ್‌ಟೆನ್ಷನ್ ಎಂದರೇನು?

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ತೋರಿಸುವುದು ಅವುಗಳ ಕೆಲಸ. ಆ ಬ್ರೌಸರಿಗೆ ನಾವು ಜೋಡಿಸುವ ಪುಟ್ಟ ತಂತ್ರಾಂಶವೇ ಎಕ್ಸ್‌ಟೆನ್ಷನ್. ಜಾಹೀರಾತು ತಡೆಯುವುದು ಒಂದು, ಪಾಸ್‌ವರ್ಡ್ ನೆನಪಿಡುವುದು ಇನ್ನೊಂದು. ಕ್ರೋಮ್‌ನ ಎಕ್ಸ್‌ಟೆನ್ಷನ್ ಅಂಗಡಿ ಶುರುವಾದದ್ದು 2010ರಲ್ಲಿ. ಹೆಚ್ಚಿನವು ಉಚಿತ.

ಮನೆಗೆಲಸಕ್ಕೆ ಆಳು ಇಟ್ಟುಕೊಂಡ ಹಾಗೆ ಅನ್ನಿ. ಅಂಗಳ ಗುಡಿಸುವವರಿಗೆ ಅಂಗಳದವರೆಗೆ ಬಿಟ್ಟರೆ ಸಾಕು, ಬೀರುವಿನ ಬೀಗದ ಕೈ ಕೊಡಬೇಕಿಲ್ಲ. ಎಕ್ಸ್‌ಟೆನ್ಷನ್ ಹಾಕುವಾಗ ಒಂದು ಸಣ್ಣ ಚೌಕ ತೆರೆದು, ಅದಕ್ಕೆ ಏನೇನು ಅನುಮತಿ ಬೇಕೆಂದು ತಿಳಿಸುತ್ತದೆ. ‘ಎಲ್ಲ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದುವುದು ಮತ್ತು ಬದಲಿಸುವುದು’ ಎಂಬ ಅರ್ಥದ ಸಾಲು ಅಲ್ಲಿದ್ದರೆ, ಅದು ಕೇಳುತ್ತಿರುವುದು ಬೀರುವಿನ ಬೀಗದ ಕೈಯನ್ನೇ. ನಾವು ಓದದೆ ಒತ್ತಿಬಿಡುತ್ತೇವೆ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ಖಾಲಿ ವಿತ್‌ಡ್ರಾವಲ್ ಚೀಟಿಗೆ ಸಹಿ ಹಾಕಿ ಬೇರೆಯವರ ಕೈಗೆ ಕೊಡುತ್ತಿದ್ದ ಗ್ರಾಹಕರನ್ನು ನಾನು ಬೈದದ್ದಿದೆ. ಇಲ್ಲಿ ಅದೇ ತಪ್ಪನ್ನು ನಾನೇ ಮಾಡಿದ್ದೆ.

ನಿಜಕ್ಕೂ ಉಪಯೋಗಕ್ಕೆ ಬರುವವು

ಮೊದಲನೆಯದು ಜಾಹೀರಾತು ತಡೆ. ‘ಯುಬ್ಲಾಕ್ ಒರಿಜಿನ್’ ಇದರಲ್ಲಿ ಹೆಸರಾದದ್ದು. ರೇಮಂಡ್ ಹಿಲ್ ಎಂಬವರು 2014ರಲ್ಲಿ ಹೊರತಂದ ಇದು ಇಂದಿಗೂ ಉಚಿತ. ಕ್ರೋಮ್‌ನ ನಿಯಮಗಳು ಬದಲಾದ ಮೇಲೆ ಅದರಲ್ಲಿ ಇದರ ಹಗುರ ರೂಪವಾದ ‘ಯುಬ್ಲಾಕ್ ಒರಿಜಿನ್ ಲೈಟ್’ ಬಳಸಬೇಕು. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ರೂಪವೇ ನಡೆಯುತ್ತದೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಹೆದರಿಸುವ ಜಾಹೀರಾತುಗಳಲ್ಲಿ ಬಹಳಷ್ಟು ಇದರಿಂದ ನಿಲ್ಲುತ್ತವೆ. ಹೋಲುವ ಹೆಸರಿನ ಬೇರೆ ಎಕ್ಸ್‌ಟೆನ್ಷನ್‌ಗಳೂ ಇವೆ, ಅದಕ್ಕೆ ಹೆಸರನ್ನು ಪೂರ್ತಿ ಓದಿ. ಪತ್ರಿಕೆಗಳ ಜಾಲತಾಣಗಳು ಜಾಹೀರಾತಿನಿಂದಲೇ ಬದುಕುವುದುಂಟು. ನಮಗೆ ಬೇಕಾದ, ನಂಬಿಕೆಯ ತಾಣದಲ್ಲಿ ಇದನ್ನು ಆರಿಸಿಡುವುದು ನ್ಯಾಯ.

ಎರಡನೆಯದು ಪಾಸ್‌ವರ್ಡ್ ಕಾಯುವ ‘ಬಿಟ್‌ವಾರ್ಡನ್’. ಒಂದು ದೊಡ್ಡ ಪಾಸ್‌ವರ್ಡ್ ನಾವು ನೆನಪಿಟ್ಟರೆ ಉಳಿದದ್ದನ್ನೆಲ್ಲ ಅದು ಇಟ್ಟುಕೊಳ್ಳುತ್ತದೆ. ಇದರಲ್ಲಿ ನನಗೆ ಹಿಡಿಸಿದ ಗುಣ ಬೇರೆಯೇ. ಪಾಸ್‌ವರ್ಡ್ ಉಳಿಸಿದ ವಿಳಾಸ ಮತ್ತು ಈಗ ತೆರೆದಿರುವ ವಿಳಾಸ ಒಂದೇ ಆಗಿದ್ದರೆ ಮಾತ್ರ ಅದು ಪಾಸ್‌ವರ್ಡ್ ತುಂಬಲು ಮುಂದೆ ಬರುತ್ತದೆ. ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟ ನಮ್ಮ ಕಣ್ಣಿಗೆ ಮಣ್ಣೆರಚಬಹುದು, ಅದಕ್ಕಲ್ಲ. ಅದು ಸುಮ್ಮನೆ ಕೂತರೆ ನಾವು ವಿಳಾಸವನ್ನು ಇನ್ನೊಮ್ಮೆ ಓದಬೇಕು. ನಮ್ಮ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಬಾಲ ಇದೆಯೇ ಎಂದು ನೋಡುವುದನ್ನು ಮನೆಯವರೆಲ್ಲ ರೂಢಿ ಮಾಡಿಕೊಳ್ಳಿ.

ಮೂರನೆಯದು ‘ಡಾರ್ಕ್ ರೀಡರ್’. ಬಿಳಿ ಪುಟವನ್ನು ಕಪ್ಪು ಹಿನ್ನೆಲೆಗೆ ತಿರುಗಿಸುತ್ತದೆ. ರಾತ್ರಿ ಹೊತ್ತು ಓದುವಾಗ ನನ್ನ ಕಣ್ಣಿಗೆ ಇದರಿಂದ ಆರಾಮ.

ಬ್ರೌಸರಿನಲ್ಲೇ ಇರುವುದಕ್ಕೆ ಬೇರೆ ಆಳೇಕೆ?

ನಮ್ಮ ಪಟ್ಟಿಯ ಏಳರಲ್ಲಿ ಒಂದು ಪಿಡಿಎಫ್ ಮಾಡುವುದು, ಒಂದು ಭಾಷಾಂತರದ್ದು, ಒಂದು ಕನ್ನಡ ಟೈಪಿಂಗಿನದು. ಮೂರೂ ಬೇಕಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಪ್ರಿಂಟ್ ಒತ್ತಿ, ಪ್ರಿಂಟರ್ ಹೆಸರಿನ ಜಾಗದಲ್ಲಿ ಪಿಡಿಎಫ್ ಆಗಿ ಉಳಿಸು ಎಂಬುದನ್ನು ಆರಿಸಿದರೆ ಯಾವ ಪುಟವೂ ಪಿಡಿಎಫ್ ಆಗುತ್ತದೆ. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸುವ ಸೌಲಭ್ಯ ಕ್ರೋಮ್‌ನೊಳಗೇ ಇದೆ. ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡುವ ಕೀಲಿಮಣೆಯನ್ನು 2019ರಿಂದ ವಿಂಡೋಸ್ 10 ತನ್ನೊಳಗೇ ಕೊಟ್ಟಿದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿದರಾಯಿತು. ಟೈಪಿಂಗಿನ ಎಕ್ಸ್‌ಟೆನ್ಷನ್ ನಾವು ಒತ್ತುವ ಒಂದೊಂದು ಅಕ್ಷರವನ್ನೂ ನೋಡಬಲ್ಲದು ಎಂಬುದನ್ನು ಮರೆಯಬಾರದು.

ಎಡ್ಜ್ ಬ್ರೌಸರಿನಲ್ಲಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಗುಂಡಿಯಿದೆ. ಕನ್ನಡದ ಹೆಣ್ಣು ದನಿಯೂ ಇದೆ, ಗಂಡು ದನಿಯೂ ಇದೆ. ಕಣ್ಣಿನ ಪೊರೆ ಬಂದ ಅಜ್ಜಿಗೂ ಅಕ್ಷರ ಕೂಡಿಸಿ ಓದುವ ಮಗುವಿಗೂ ಇದು ಒಳ್ಳೆಯ ಜೊತೆ.

ಒಳ್ಳೆಯದು ಕೆಡುವುದು ಹೇಗೆ?

‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ಇತ್ತು. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರಿನ ಭಾರ ಇಳಿಸುತ್ತಿತ್ತು. ಸುಮಾರು 20 ಲಕ್ಷ ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. ಕೊಂಡವರು ಯಾರೆಂದು ಬಳಸುವವರಿಗೆ ತಿಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ, ಅದರಲ್ಲಿ ಕೇಡಿನ ತಂತ್ರಾಂಶ ಇದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. 2024ರ ಡಿಸೆಂಬರಿನಲ್ಲಿ ‘ಸೈಬರ್‌ಹೆವನ್’ ಎಂಬ ಭದ್ರತಾ ಕಂಪನಿಯ ಎಕ್ಸ್‌ಟೆನ್ಷನ್ನಿಗೇ ಕಳ್ಳರು ನುಗ್ಗಿದರು. ಮೋಸದ ಇಮೇಲ್ ಕಳಿಸಿ ಒಬ್ಬ ಉದ್ಯೋಗಿಯಿಂದ ಅಧಿಕಾರ ಪಡೆದು, ಕೆಟ್ಟ ಅಪ್‌ಡೇಟನ್ನು ಅಂಗಡಿಗೆ ಏರಿಸಿದ್ದರು. ಎಕ್ಸ್‌ಟೆನ್ಷನ್‌ಗಳು ತಮ್ಮಷ್ಟಕ್ಕೆ ತಾವೇ ಅಪ್‌ಡೇಟ್ ಆಗುತ್ತವೆ. ನಿನ್ನೆ ಒಳ್ಳೆಯದಿದ್ದದ್ದು ಇಂದೂ ಹಾಗೇ ಇರುತ್ತದೆಂದು ಹೇಳಲಾಗದು.

ಬ್ಯಾಂಕಿನ ಸ್ಟ್ರಾಂಗ್ ರೂಮಿನ ತಿಜೋರಿಗೆ ಎರಡು ಬೀಗದ ಕೈ. ಇಬ್ಬರ ಹತ್ತಿರ ಒಂದೊಂದು, ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಕೈ ಬದಲಾದಾಗಲೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಅಲ್ಲಿ ಯಾರ ಮೇಲೂ ಅನುಮಾನ ಇತ್ತೆಂದಲ್ಲ, ಪದ್ಧತಿಯೇ ಹಾಗೆ. ಮನೆಯ ಬ್ರೌಸರಿಗೂ ಒಂದು ರಿಜಿಸ್ಟರ್ ಇದ್ದರೆ ಒಳ್ಳೆಯದು.

ನೆಟ್ ಸೆಂಟರಿಗೆ ಹೋದಾಗ

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಪಹಣಿ ತೆಗೆಸಲು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು, ಫಲಿತಾಂಶ ನೋಡಲು ನೆಟ್ ಸೆಂಟರಿಗೇ ಹೋಗಬೇಕು. ಅಲ್ಲಿಯ ಬ್ರೌಸರಿನಲ್ಲಿ ಯಾರು ಯಾರು ಏನೇನು ಜೋಡಿಸಿದ್ದಾರೋ ಮಾಲೀಕರಿಗೂ ಗೊತ್ತಿರುವುದಿಲ್ಲ. ಅಂಥ ಕಡೆ ಕ್ರೋಮ್‌ನ ಗೆಸ್ಟ್ ವಿಂಡೋ ತೆರೆದುಕೊಡಿ ಎಂದು ಕೇಳಿ. ಅದರಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ, ಮುಚ್ಚಿದ ಮೇಲೆ ನಾವು ನೋಡಿದ ಪುಟಗಳ ಪಟ್ಟಿಯೂ ಉಳಿಯುವುದಿಲ್ಲ. ಆದರೆ ಇಳಿಸಿಕೊಂಡ ಕಡತ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಏಳುವ ಮುಂಚೆ ಅಳಿಸಿಬನ್ನಿ. ಹಣದ ವ್ಯವಹಾರವನ್ನಂತೂ ಅಲ್ಲಿ ಮಾಡಲೇಬೇಡಿ.

ಇನ್ನು ಫೋನು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ವಾಟ್ಸಾಪಿನಲ್ಲಿ ಯಾರಾದರೂ ಕಡತ ಕಳಿಸಿ ‘ಇದನ್ನು ಹಾಕಿಕೊಳ್ಳಿ’ ಎಂದರೆ ಮುಟ್ಟಬೇಡಿ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಮಕ್ಕಳೇ, ಈ ಭಾನುವಾರದ ಕೆಲಸ

ತಾತ, ಅಜ್ಜಿ, ಅಪ್ಪ, ಅಮ್ಮ ಯಾರು ಕಂಪ್ಯೂಟರ್ ಬಳಸುತ್ತಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಜಲ್ ಚಿತ್ರ ಒತ್ತಿ ಪಟ್ಟಿ ತೆರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ಮುಂದೆ ಮೂರು ಉತ್ತರ ಬರೆಯಿರಿ: ಯಾರು ಹಾಕಿದ್ದು? ಯಾವ ಕೆಲಸಕ್ಕೆ? ಏನು ಅನುಮತಿ ಪಡೆದಿದೆ? ಜಾಹೀರಾತು ತಡೆಯುವುದಕ್ಕೆ ಪುಟ ಓದುವ ಅನುಮತಿ ಬೇಕೇ ಬೇಕು. ಕ್ರಿಕೆಟ್ ಸ್ಕೋರ್ ತೋರಿಸುವುದಕ್ಕೆ ನಮ್ಮ ಬ್ಯಾಂಕಿನ ಪುಟ ಯಾಕೆ? ಉತ್ತರ ಸಿಗದಿದ್ದರೆ ತೆಗೆದುಹಾಕಿ. ಬೇಕೆನಿಸಿದ್ದಕ್ಕೂ, ಕ್ರೋಮ್‌ನಲ್ಲಾದರೆ, ಒತ್ತಿದಾಗ ಮಾತ್ರ ಪುಟ ಓದುವಂತೆ ಅಥವಾ ಆರಿಸಿದ ತಾಣಗಳಲ್ಲಿ ಮಾತ್ರ ಓದುವಂತೆ ಮಿತಿ ಹಾಕಬಹುದು.

ನಾವು ಏಳನ್ನೂ ತೆಗೆದೆವು. ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿದೆವು, ಅದೂ ಇನ್ನೊಂದು ಕಂಪ್ಯೂಟರಿನಿಂದ. ಖಾತೆಯ ಆರು ತಿಂಗಳ ಲೆಕ್ಕ ಸಾಲು ಸಾಲಾಗಿ ನೋಡಿದೆ. ಪುಣ್ಯಕ್ಕೆ ಒಂದು ರೂಪಾಯಿಯೂ ಹೋಗಿರಲಿಲ್ಲ. ಮೊಮ್ಮಗಳು ಮಲ್ಲಿಗೆಯ ನಾಲ್ಕು ಪುಟ ಮುಗಿಸಿ, ನನ್ನ ನೋಟ್‌ಬುಕ್ಕಿನ ಮೇಲೆ ‘ತಾತನ ಬೀಗದ ಕೈ ರಿಜಿಸ್ಟರ್’ ಎಂದು ಬರೆದಿಟ್ಟು ಊರಿಗೆ ಹೋದಳು. ಈಗ ಪ್ರತಿ ತಿಂಗಳ ಒಂದನೇ ತಾರೀಕು ಫೋನ್ ಮಾಡುತ್ತಾಳೆ. “ಪಟ್ಟಿ ನೋಡಿದೆಯಾ ತಾತ? ಎಷ್ಟದಾವ?”

“ನಾಲ್ಕೇ ಅದಾವ ತಾಯಿ” ಅನ್ನುತ್ತೇನೆ.