ತಾನು ಜಜ್ಜಿ ಹೋಗಿ ಕಾಯುವ ಲೋಹ

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದರೆ ಮುಧೋಳದ ರಸ್ತೆಗಳಿಗೆ ನಿದ್ದೆ ಇಲ್ಲ. ಘಟಪ್ರಭೆಯ ದಂಡೆಯ ಹೊಲಗಳಲ್ಲಿ ಗ್ಯಾಂಗಿನವರು ಕಡಿದು ಹೇರಿದ ಕಬ್ಬು ಜಮಖಂಡಿ, ಲೋಕಾಪುರ, ಮಹಾಲಿಂಗಪುರದ ದಾರಿಗುಂಟ ಜೋಡಿ ಟ್ರಾಲಿಗಳಲ್ಲಿ ತೂಗಾಡುತ್ತ ಸಾಗುತ್ತದೆ. ಡಾಂಬರಿನ ಮೇಲೆ ಉದುರಿದ ಗಣಿಕೆಗಳ ಮೇಲೆ ಗಾಲಿ ಹಾಯ್ದು ಹಸಿ ಸಿಹಿವಾಸನೆ ಏಳುತ್ತದೆ. ಟ್ರ್ಯಾಕ್ಟರಿನ ಹಾಡು ದೂರದಿಂದಲೇ ಕೇಳಿಸುತ್ತದೆ. ಹಿಂದಿನ ಟ್ರಾಲಿ ಮಾತ್ರ ಹತ್ತಿರ ಹೋಗುವವರೆಗೂ ಕಾಣಿಸುವುದಿಲ್ಲ.

ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಟ್ರಾಲಿಯನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಮಿಸ್ತ್ರಿ ಅಡಿಯಲ್ಲಿ ಮಲಗಿ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ತುಂಡೊಂದನ್ನು ಎಳೆದು ಹೊರಗೆ ಹಾಕಿದರು. ಮೇಲೆಲ್ಲ ಗ್ರೀಸು, ಕೆಂಪು ಧೂಳು. ಮುರಿದ ಬಾಯಿ ಮಾತ್ರ ಬೂದುಬಣ್ಣಕ್ಕೆ ಹರಳುಹರಳಾಗಿ ಹೊಳೆಯುತ್ತಿದೆ.

“ಕಾಕಾ, ಮತ್ತ ಪಾಟಾನ ಹೋತೇನ್ರಿ?” ಎಂದ ಚಾಲಕ ಹುಡುಗ.

“ಹೋಗ್ಲಿ ಬಿಡೋ ತಮ್ಮಾ. ಅದು ಹೋಗಿದ್ದಕ್ಕ ಎಕ್ಸೆಲ್ ಉಳದೈತಿ.”

ಚಂದ್ರನ ಮೇಲೆ ಇಳಿದ ವಿಕ್ರಮನ ಕಾಲುಗಳೊಳಗೂ ಇದೇ ವಿವೇಕವಿತ್ತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ನೆಲ ಮುಟ್ಟಿತಲ್ಲ, ಅದರ ನಾಲ್ಕು ಕಾಲುಗಳನ್ನು ಸೆಕೆಂಡಿಗೆ 3 ಮೀಟರ್ ವೇಗದ ಪೆಟ್ಟನ್ನೂ ತಾಳುವಂತೆ ಗಟ್ಟಿ ಮಾಡಿದ್ದರು. ಚಂದ್ರಯಾನ-2ರಲ್ಲಿ ಆ ಮಿತಿ 2 ಮೀಟರ್ ಇತ್ತು. ಇಂಥ ಕಾಲಿನೊಳಗೆ ಜೇನುಹುಟ್ಟಿನ ಆಕಾರದ ಅಲ್ಯೂಮಿನಿಯಂ ತುಂಬಿರುತ್ತದೆ. ನೆಲಕ್ಕೆ ತಾಗಿದಾಗ ಅದು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ, ಮೇಲಿನ ಉಪಕರಣಗಳು ಉಳಿಯುತ್ತವೆ. ಅಪೋಲೊ ನೌಕೆಯ ಕಾಲುಗಳಲ್ಲೂ ಇದೇ ಉಪಾಯವಿತ್ತು.

ಪಾಟಾಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಪಾಟಾ ಪೆಟ್ಟಿನ ಬಹುಪಾಲನ್ನು ಒಳಗಿಟ್ಟುಕೊಂಡು ಮರುಕ್ಷಣ ವಾಪಸು ಕೊಡುತ್ತದೆ; ತಗ್ಗು ದಾಟಿದ ಟ್ರಾಲಿ ಪುಟಿಯುವುದು ಅದಕ್ಕೇ. ಜಜ್ಜಿದ ಲೋಹ ಹೆಚ್ಚೇನನ್ನೂ ವಾಪಸು ಕೊಡದು. ಬಗ್ಗುತ್ತ, ಮಡಚುತ್ತ ಪೆಟ್ಟಿನ ಶಕ್ತಿಯ ಬಹುಪಾಲನ್ನು ಬಿಸಿಯಾಗಿಸಿ ಮುಗಿಸಿಬಿಡುತ್ತದೆ.

ಜೇನುಹುಟ್ಟಿನ ಜಾಳಿಗೆ ಒಂದು ಕೊರತೆ ಇದೆ. ಕೊಳವೆಗಳುದ್ದಕ್ಕೆ ನೇರ ಬಂದ ಪೆಟ್ಟನ್ನು ತಾಳುವಷ್ಟು ಓರೆ ಪೆಟ್ಟನ್ನು ಅದು ತಾಳದು. ಅದಕ್ಕೇ ಎಂಜಿನಿಯರುಗಳು ಮೂರೂ ದಿಕ್ಕಿಗೆ ಹೆಣೆದ ಲೋಹದ ಹಂದರದತ್ತ ಹೊರಳಿದ್ದಾರೆ. ಲೋಹದ ಹಿಟ್ಟನ್ನು ತೆಳ್ಳಗೆ ಹರಡಿ, ಲೇಸರಿನಿಂದ ಬೇಕಾದಲ್ಲಷ್ಟೇ ಕರಗಿಸಿ, ಪದರದ ಮೇಲೆ ಪದರ ಕಟ್ಟುತ್ತಾರೆ. ಕಡ್ಡಿಗಳ ದಪ್ಪ, ಕೋನ, ಒಂದು ಗಂಟಿಗೆ ಎಷ್ಟು ಕಡ್ಡಿ ಕೂಡಬೇಕು ಎಂಬುದರ ಮೇಲೆ ಹಂದರದ ಗುಣ ನಿಲ್ಲುತ್ತದೆ. ಗಂಟಿಗೆ ಕಡ್ಡಿ ಕಡಿಮೆಯಾದರೆ ಕಡ್ಡಿಗಳು ಬಾಗುತ್ತವೆ, ಹಂದರ ಮೆತ್ತಗೆ ಕುಸಿಯುತ್ತದೆ. ಹೆಚ್ಚಾದರೆ ಅದೇ ತೂಕದ ಹಂದರ ಸೆಟೆದು ನಿಲ್ಲುತ್ತದೆ. ಸರಿಯಾಗಿ ಹೆಣೆದದ್ದು ಒಂದೇ ಸಮನೆ ಒತ್ತಡ ಕೊಡುತ್ತ ಸಾಲುಸಾಲಾಗಿ ಮಲಗುತ್ತದೆ. ಒಳಗಿನ ಗಾಳಿಯ ಜಾಗ ಮುಗಿದಾಗಲೇ ಅದು ಗಟ್ಟಿ ಕಲ್ಲಾಗುವುದು. ಜಜ್ಜಿಹೋಗದೆ ಮರಳಿ ಏಳುವ ಹಂದರವೂ ಉಂಟು: 2011ರಲ್ಲಿ ಅಮೆರಿಕದಲ್ಲಿ ಮಾಡಿದ ನಿಕಲ್ ಹಂದರವೊಂದರಲ್ಲಿ ಶೇ. 99.99 ಭಾಗ ಬರೀ ಗಾಳಿಯೇ ಇತ್ತು. ಟೊಳ್ಳು ಕಡ್ಡಿಗಳ ಗೋಡೆ 100 ನ್ಯಾನೊಮೀಟರ್‌ನಷ್ಟು ತೆಳು. ಅರ್ಧಕ್ಕಿಂತ ಹೆಚ್ಚು ಅದುಮಿ ಬಿಟ್ಟರೂ ಮತ್ತೆ ಎದ್ದು ನಿಲ್ಲುತ್ತಿತ್ತು.

ಇದೆಲ್ಲ ಮುಧೋಳದ ರಸ್ತೆಗೆ ಯಾಕೆ ಬೇಕು? ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದ ಕಾರು 10 ಸೆಂಟಿಮೀಟರಿನಲ್ಲಿ ನಿಂತುಬಿಟ್ಟರೆ ಒಳಗಿದ್ದವರ ಮೇಲೆ ಅವರ ತೂಕದ 140 ಪಟ್ಟು ಬಲ ಬೀಳುತ್ತದೆ. ಮುಂದಿನ ಭಾಗ ಹದವಾಗಿ ಜಜ್ಜುತ್ತ ಅರ್ಧ ಮೀಟರಿನಲ್ಲಿ ನಿಂತರೆ 28 ಪಟ್ಟು. ಕಾರಿನ ಮೂತಿಯನ್ನು ಹಾಗೆ ಜಜ್ಜಲೆಂದೇ ಮಾಡಿರುತ್ತಾರೆ. ಆದರೆ ಟ್ರಾಲಿಯ ಹಿಂಬದಿ ಎತ್ತರ. ಕಬ್ಬು ಅದಕ್ಕೂ ಹೊರಗೆ ಚಾಚಿರುತ್ತದೆ. ಹಿಂದಿನಿಂದ ಗುದ್ದಿದ ಕಾರಿನ ಮೂತಿ ಕೆಳಗೆ ನುಸುಳಿ ಹೋಗುತ್ತದೆ, ಪೆಟ್ಟು ನೇರ ಗಾಜಿಗೆ, ತಲೆಗೆ. ಜಜ್ಜಬೇಕಾದ ಲೋಹಕ್ಕೆ ಜಜ್ಜುವ ಅವಕಾಶವೇ ಸಿಗುವುದಿಲ್ಲ.

ಲೇಸರಿನಲ್ಲಿ ಕಟ್ಟಿದ ಹಂದರ ಇನ್ನೂ ದುಬಾರಿ. ಸದ್ಯಕ್ಕೆ ವಿಮಾನ, ಉಪಗ್ರಹ, ಮೂಳೆಯ ಇಂಪ್ಲಾಂಟುಗಳಿಗೆ ಅದು ಸಲ್ಲುತ್ತದೆ. ಆದರೆ ಟ್ರಾಲಿಯ ಹಿಂದೆ ಕಾರಿನ ಬಂಪರಿನ ಎತ್ತರಕ್ಕೆ ಒಂದು ಅಡ್ಡಪಟ್ಟಿ, ಅದಕ್ಕೂ ಚಾಸಿಗೂ ನಡುವೆ ಮಡಚಿಕೊಳ್ಳಬಲ್ಲ ತೆಳು ತಗಡಿನ ಪೆಟ್ಟಿಗೆ, ಇಷ್ಟನ್ನು ಮಾಡಲು ಎಂಜಿನಿಯರಿಂಗ್ ಕಾಲೇಜಿನ ಲೆಕ್ಕವೂ ಮಿಸ್ತ್ರಿಯ ಕೈಯೂ ಕೂಡಿದರೆ ಸಾಕು. ಬಾಗಲಕೋಟೆಯಲ್ಲಿ ಕಾಲೇಜಿದೆ, ಮುಧೋಳದಲ್ಲಿ ಮಿಸ್ತ್ರಿಗಳಿದ್ದಾರೆ. ಕಾರ್ಖಾನೆಗಳು ಇವರಿಬ್ಬರನ್ನೂ ಒಂದೆಡೆ ಕೂಡಿಸಬೇಕು.

ಅಲ್ಲಿಯವರೆಗೆ ಟ್ರಾಲಿ ಮಾಲೀಕರಲ್ಲಿ ಒಂದು ಬಿನ್ನಹ: ಈ ಹಂಗಾಮಿನ ಮೊದಲ ಖೇಪು ಹೊರಡುವ ಮುನ್ನ ಎರಡೂ ಟ್ರಾಲಿಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿರಿ, ಅದು ಕಬ್ಬಿನಡಿ ಮುಚ್ಚಿಹೋಗದಂತೆ ಹೇರಿರಿ.